ಏದುಸಿರಿನ ಹೊತ್ತು: ಒಂದು ಸಸ್ಯ ಅಕ್ವೇರಿಯಂನ ಪ್ರಕರಣ ಅಧ್ಯಯನ

ಹಿನ್ನೆಲೆ

ಬೆಂಗಳೂರಿನ ದಕ್ಷಿಣ ಭಾಗದ ಒಂದು ಮನೆಯ ಮೊದಲ ಮಹಡಿಯಲ್ಲಿರುವ ನಾಲ್ಕು ಅಡಿ ಉದ್ದದ ಸಸ್ಯ ತೊಟ್ಟಿಯಲ್ಲಿ ಒಂದು ಬೇಸಿಗೆಯಲ್ಲಿ ನಡೆದದ್ದನ್ನು ಇಲ್ಲಿ ದಾಖಲಿಸಿದ್ದೇನೆ. ತೊಟ್ಟಿಯ ಒಡತಿಯ ಒಪ್ಪಿಗೆ ಪಡೆದು, ಅವರ ಗುರುತು ಹತ್ತುವಂಥ ವಿವರಗಳನ್ನು ಬಿಟ್ಟು, ಅಳತೆಗಳನ್ನೂ ನಿರ್ಧಾರಗಳ ಕ್ರಮವನ್ನೂ ಇದ್ದಂತೆಯೇ ಉಳಿಸಿಕೊಂಡಿದ್ದೇನೆ. ಅವರು ಹೊಸಬರಲ್ಲ. ನಾಲ್ಕೈದು ವರ್ಷಗಳಿಂದ ಮೀನು ಸಾಕುತ್ತಿದ್ದು, ಈ ತೊಟ್ಟಿಯನ್ನು ಎಂಟು ತಿಂಗಳ ಕಾಲ ಯಾವ ತೊಂದರೆಯೂ ಇಲ್ಲದೆ ನಡೆಸಿದ್ದರು. ಅವರು ಮಾಡಿದ ಒಂದೊಂದು ಕೆಲಸಕ್ಕೂ ಒಪ್ಪುವಂಥ ಕಾರಣವಿತ್ತು ಎಂಬುದೇ ಈ ಪ್ರಕರಣವನ್ನು ಬರೆದಿಡಲು ನನ್ನನ್ನು ಪ್ರೇರೇಪಿಸಿತು.

ತೊಟ್ಟಿಯಲ್ಲಿ ಹಿಡಿಯುವ ನೀರು ಸುಮಾರು 210 ಲೀಟರ್. ಹಿಂಭಾಗದಲ್ಲಿ ರೊಟಾಲ ಮತ್ತು ಲುಡ್ವಿಜಿಯಾ, ನಡುವೆ ಕ್ರಿಪ್ಟೊಕೊರೈನ್, ಮರದ ಬೇರುಗಳಿಗೆ ದಾರದಿಂದ ಕಟ್ಟಿದ ಅನುಬಿಯಾಸ್ ಇದ್ದವು. ಮೀನುಗಳಲ್ಲಿ ಇಪ್ಪತ್ತು ನಿಯಾನ್ ಟೆಟ್ರಾ, ಆರು ಎಳೆಯ ಡೆನಿಸನ್ ಬಾರ್ಬ್. ಜೊತೆಗೆ ಒಂದಷ್ಟು ಅಮಾನೊ ಸಿಗಡಿ. ಡೆನಿಸನ್ ಬಾರ್ಬ್ ನಮ್ಮ ಸಹ್ಯಾದ್ರಿಯದೇ ಮೀನು. ಕೇರಳದ ಹಾಗೂ ಕರ್ನಾಟಕದ ದಕ್ಷಿಣ ತುದಿಯ ವೇಗವಾಗಿ ಹರಿಯುವ ಹೊಳೆಗಳಲ್ಲಿ ಇದರ ವಾಸ. ವ್ಯಾಪಾರದಲ್ಲಿ ಇದಕ್ಕೆ ಮಿಸ್ ಕೇರಳ ಎಂಬ ಹೆಸರಿದೆ. ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ಈ ಮೀನನ್ನು ಸಾಕುವವರಿಗೆ ಹೆಚ್ಚಿನ ಹೊಣೆಯಿದೆ ಎಂದು ನಾನು ನಂಬುತ್ತೇನೆ. ಕಲ್ಲುಗಳ ಮೇಲೆ ನೊರೆಗರೆದು ಹರಿಯುವ ನೀರಿಗೆ ಒಗ್ಗಿದ ಜೀವವಾದ್ದರಿಂದ, ನೀರಿನಲ್ಲಿ ಕರಗಿದ ಅನಿಲಗಳು ಏರುಪೇರಾದಾಗ ಮೊದಲು ಕಂಗೆಡುವುದೂ ಇದೇ.

ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಕೊಡಲು ಸಿಲಿಂಡರ್, ಅದರ ಒತ್ತಡ ತಗ್ಗಿಸುವ ಒಂದೇ ಹಂತದ ರೆಗ್ಯುಲೇಟರ್, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಮತ್ತು ಅನಿಲವನ್ನು ಸಣ್ಣ ಗುಳ್ಳೆಗಳಾಗಿ ನೀರಿಗೆ ಬಿಡುವ ಪಿಂಗಾಣಿ ಡಿಫ್ಯೂಸರ್ ಇದ್ದವು. ದೀಪ ಮಧ್ಯಾಹ್ನ 1ರಿಂದ ರಾತ್ರಿ 9ರವರೆಗೆ, ಗ್ಯಾಸ್ ಬೆಳಿಗ್ಗೆ 11.30ರಿಂದ ರಾತ್ರಿ 8ರವರೆಗೆ. ದೀಪ ಹತ್ತುವ ಹೊತ್ತಿಗೆ ನೀರಿನಲ್ಲಿ ಅನಿಲ ತುಂಬಿರಬೇಕು, ದೀಪ ಆರುವ ಮೊದಲೇ ಅದು ಇಳಿಯತೊಡಗಿರಬೇಕು ಎಂಬ ಸರಿಯಾದ ಲೆಕ್ಕಾಚಾರದಿಂದ ಈ ವೇಳೆಯನ್ನು ಗೊತ್ತುಮಾಡಲಾಗಿತ್ತು. ತೊಟ್ಟಿಯ ಬಳಿ ಯುಪಿಎಸ್ ಸಂಪರ್ಕವಿದ್ದ ಸಾಕೆಟ್‌ಗಳು ಎರಡೇ. ಒಂದರಲ್ಲಿ ದೀಪ, ಇನ್ನೊಂದರಲ್ಲಿ ಫಿಲ್ಟರ್. ಸೊಲೆನಾಯ್ಡ್‌ನ ಟೈಮರನ್ನು ಸಾಮಾನ್ಯ ಸಾಕೆಟ್‌ಗೆ ಸಿಕ್ಕಿಸಲಾಗಿತ್ತು. ಈ ಸಂಗತಿ ಆಗ ಯಾರಿಗೂ ಮುಖ್ಯವೆನಿಸಿರಲಿಲ್ಲ.

ಸಮಸ್ಯೆ

ಏಪ್ರಿಲ್ ಕೊನೆಯ ವಾರದ ಒಂದು ರಾತ್ರಿ ಹತ್ತು ಗಂಟೆಯ ಸುಮಾರಿಗೆ ಬಾರ್ಬ್‌ಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದುದನ್ನು ಒಡತಿ ಕಂಡರು. ಕಿವಿರುಗಳು ಬೇಗಬೇಗ ಬಡಿದುಕೊಳ್ಳುತ್ತಿದ್ದವು. ಬೆಳಿಗ್ಗೆ ಎದ್ದು ನೋಡಿದಾಗ ಎಲ್ಲವೂ ಮಾಮೂಲಿನಂತೆ ಈಜುತ್ತಿದ್ದವು. ಮೂರು ನಾಲ್ಕು ದಿನ ಹೀಗೆಯೇ ನಡೆಯಿತು.

ಅವರು ಮಾಡಿದ ಊಹೆ ಶಾಲೆಯ ವಿಜ್ಞಾನ ಪಾಠದಿಂದ ಬಂದದ್ದು. ಹಗಲಲ್ಲಿ ಗಿಡಗಳು ಆಮ್ಲಜನಕ ಬಿಡುತ್ತವೆ, ರಾತ್ರಿಯಲ್ಲಿ ಅವೂ ಉಸಿರಾಡಿ ಅದನ್ನೇ ಬಳಸುತ್ತವೆ. ಬೇಸಿಗೆಯಲ್ಲಿ ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಗಿಡಗಳು ಒತ್ತಾಗಿ ಬೆಳೆದಿವೆ. ಆದ್ದರಿಂದ ರಾತ್ರಿ ಆಮ್ಲಜನಕ ಸಾಲುತ್ತಿಲ್ಲ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. 27 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಸಮುದ್ರಮಟ್ಟದಲ್ಲಿ ಗಾಳಿಯಿಂದ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. 900 ಮೀಟರ್‌ಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಕಡಿಮೆಯಿರುವುದರಿಂದ ಅದು 7.1ರ ಆಸುಪಾಸಿಗೆ ಇಳಿಯುತ್ತದೆ. ಊಹೆ ಹುಟ್ಟಲು ಇಷ್ಟು ಸಾಕಿತ್ತು.

ಆದರೆ ಒಂದು ಸುಳಿವು ಅಲ್ಲೇ ಇತ್ತು, ಅದನ್ನು ಯಾರೂ ಗಮನಿಸಲಿಲ್ಲ. ಗಿಡಗಳ ಉಸಿರಾಟದಿಂದ ಆಮ್ಲಜನಕ ಬತ್ತುವುದು ನಿಧಾನವಾಗಿ, ಇರುಳೆಲ್ಲ ಕಳೆದಂತೆ. ಆ ಕೊರತೆ ತೀರಾ ಹೆಚ್ಚುವುದು ಮುಂಜಾವದಿಂದ ದೀಪ ಹತ್ತುವವರೆಗೆ. ಇಲ್ಲಿ ಮೀನುಗಳು ಏದುಸಿರು ಬಿಟ್ಟದ್ದು ದೀಪ ಆರಿದ ಒಂದು ಗಂಟೆಗೆ. ಬೆಳಗಾಗುವಾಗ ಅವು ನೆಮ್ಮದಿಯಿಂದಿದ್ದವು. ಮೀನು ಮೇಲೆ ಬಂತು ಎಂಬುದಕ್ಕಿಂತ ಯಾವ ಹೊತ್ತಿನಲ್ಲಿ ಬಂತು ಎಂದು ಕೇಳಿದ್ದರೆ ಈ ಪ್ರಕರಣ ಒಂದೇ ವಾರದಲ್ಲಿ ಮುಗಿಯುತ್ತಿತ್ತು.

ಮಾಡಿ ನೋಡಿದ ಉಪಾಯಗಳು

ಮೊದಲ ನಿರ್ಧಾರವಾಗಿ ಒಡತಿ ಏರ್ ಪಂಪ್ ಮತ್ತು ಅದರ ಗಾಳಿಯನ್ನು ಗುಳ್ಳೆಗಳಾಗಿ ನೀರಿಗೆ ಬಿಡುವ ಏರ್ ಸ್ಟೋನ್ ತಂದು ಹಗಲೂ ರಾತ್ರಿಯೂ ನಡೆಯುವಂತೆ ಹಾಕಿದರು. ಅಂಗಡಿಯವರ ಸಲಹೆಯಂತೆ ಆಕ್ಸಿಜನ್ ಮಾತ್ರೆಗಳನ್ನೂ ಎರಡು ರಾತ್ರಿ ಹಾಕಿದರು. ಮೀನುಗಳ ತೊಂದರೆ ನಿಂತಿತು. ಆದರೆ ಹತ್ತು ದಿನ ಕಳೆಯುವಷ್ಟರಲ್ಲಿ ರೊಟಾಲದ ಕುಡಿಗಳು ಕುಗ್ಗಿದವು, ಅನುಬಿಯಾಸ್ ಎಲೆಗಳ ಅಂಚಿನಲ್ಲಿ ಕಪ್ಪು ಗಡ್ಡದಂಥ ಪಾಚಿ ಕಾಣಿಸಿಕೊಂಡಿತು. ಸಂಜೆ ಏಳಕ್ಕೆ ಕೆಲಸದಿಂದ ಬಂದು ನೋಡಿದರೆ ನೀರಿನ ಅನಿಲದ ಮಟ್ಟವನ್ನು ಬಣ್ಣದಿಂದ ತೋರಿಸುವ ಡ್ರಾಪ್ ಚೆಕರ್ ಹಸಿರಿನ ಬದಲು ನೀಲಿಯಾಗಿರುತ್ತಿತ್ತು. ನೀಲಿ ಎಂದರೆ ಇಂಗಾಲದ ಡೈಆಕ್ಸೈಡ್ ಕಡಿಮೆ, ಹಸಿರು ಎಂದರೆ ಗಿಡಗಳಿಗೆ ಸಾಕಷ್ಟು, ಹಳದಿ ಎಂದರೆ ಮೀನುಗಳಿಗೆ ಅಪಾಯ. ಏರ್ ಸ್ಟೋನ್ ಮೇಲ್ಮೈಯನ್ನು ಕಲಕಿ ಅನಿಲವನ್ನು ಹೊರಗೆ ಕಳಿಸುತ್ತಿತ್ತು.

ಅದಕ್ಕೆ ಎರಡನೆಯ ನಿರ್ಧಾರ: ಗ್ಯಾಸಿನ ಹರಿವನ್ನು ಹೊಂದಿಸುವ ಸೂಜಿ ವಾಲ್ವ್ ತಿರುಗಿಸಿ, ಸೆಕೆಂಡಿಗೆ ಮೂರು ಗುಳ್ಳೆ ಇದ್ದದ್ದನ್ನು ಆರಕ್ಕೆ ಏರಿಸಿದರು. ಗಿಡಗಳು ಅಷ್ಟಕ್ಕೂ ಚೇತರಿಸಿಕೊಳ್ಳಲಿಲ್ಲ.

ಮೂರನೆಯ ನಿರ್ಧಾರವೇ ಈ ಪ್ರಕರಣದ ಕೆಟ್ಟ ತಿರುವು. ಹಗಲಲ್ಲಿ ಗಾಳಿ ಬಿಟ್ಟರೆ ಗ್ಯಾಸ್ ವ್ಯರ್ಥವಾಗುತ್ತದೆ, ರಾತ್ರಿ ಮಾತ್ರ ಬಿಡಿ ಎಂದು ಅನುಭವಿ ಮಿತ್ರರೊಬ್ಬರು ಹೇಳಿದರು. ಇದು ಬಹಳ ಜನ ಪಾಲಿಸುವ ಕ್ರಮ, ತಪ್ಪೇನೂ ಅಲ್ಲ. ಏರ್ ಪಂಪನ್ನು ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ನಡೆಯುವಂತೆ ಹೊಂದಿಸಲಾಯಿತು. ಆದರೆ ಏರ್ ಸ್ಟೋನ್ ಇದ್ದಾಗ ಏರಿಸಿದ ಆರು ಗುಳ್ಳೆಯ ಪ್ರಮಾಣವನ್ನು, ಏರ್ ಸ್ಟೋನ್ ನಿಲ್ಲಿಸಿದ ಮೇಲೂ ಯಾರೂ ಇಳಿಸಲಿಲ್ಲ. ಹಿಂದಿನ ಹೆಜ್ಜೆಯನ್ನು ಹಿಂತೆಗೆದುಕೊಳ್ಳದೆ ಮುಂದಿನ ಹೆಜ್ಜೆ ಇಟ್ಟಂತಾಯಿತು. ಮೂರನೆಯ ದಿನ ರಾತ್ರಿ ಒಂದು ಬಾರ್ಬ್ ಸತ್ತಿತು. ಎರಡು ಸಿಗಡಿಗಳು ಬೆಳಿಗ್ಗೆ ತಳದಲ್ಲಿ ಬಿದ್ದಿದ್ದವು.

ಅವರು ನನಗೆ ಫೋನ್ ಮಾಡಿದ್ದು ಆ ದಿನ. “ರಾತ್ರಿ ಗಾಳಿ ಬಿಟ್ಟ ಸ್ವಲ್ಪ ಹೊತ್ತಿಗೇ ಸುಧಾರಿಸಿಕೊಳ್ಳುತ್ತವೆ ಸರ್, ಹಾಗಿದ್ದ ಮೇಲೆ ಆಕ್ಸಿಜನ್ನೇ ಕಡಿಮೆ ಅಲ್ಲವೇ?” ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲೂ ಆ ಕ್ಷಣ ಖಚಿತ ಉತ್ತರ ಇರಲಿಲ್ಲ. ಮದ್ದು ಫಲಿಸಿದರೆ ರೋಗ ಯಾವುದೆಂದು ಗೊತ್ತಾಯಿತು ಎಂದು ಎಲ್ಲರೂ ತಿಳಿಯುತ್ತೇವೆ. ಇಲ್ಲಿ ಆ ತಿಳಿವಳಿಕೆಯೇ ದಾರಿ ತಪ್ಪಿಸಿತ್ತು ಎಂಬುದು ಮರುದಿನ ಸ್ಪಷ್ಟವಾಯಿತು. ಅಂದು ರಾತ್ರಿ ಗ್ಯಾಸನ್ನು ಪೂರ್ತಿ ನಿಲ್ಲಿಸಿ ಮೂರನೇ ಒಂದು ಭಾಗ ನೀರು ಬದಲಿಸಲು ಹೇಳಿದೆ. ಆದರೆ ಕಾರಣ ತಿಳಿಯಬೇಕಾದರೆ ವ್ಯವಸ್ಥೆ ಇದ್ದಂತೆಯೇ ನಡೆಯುವುದನ್ನು ಒಂದು ದಿನ ಪಕ್ಕದಲ್ಲಿ ಕುಳಿತು ನೋಡಲೇಬೇಕಿತ್ತು. ಉಳಿದ ಐದು ಬಾರ್ಬ್‌ಗಳನ್ನು ಬೇರೊಂದು ತೊಟ್ಟಿಗೆ ಸಾಗಿಸಿ, ಅಪಾಯ ಕಂಡರೆ ಕೂಡಲೇ ಗ್ಯಾಸ್ ಮುಚ್ಚುವ ಮಾತಿನ ಮೇಲೆ, ಟೆಟ್ರಾಗಳನ್ನು ಮಾತ್ರ ಅಲ್ಲಿ ಉಳಿಸಿಕೊಂಡೆವು.

ಇಪ್ಪತ್ತನಾಲ್ಕು ಗಂಟೆಗಳ ಲೆಕ್ಕ

ಭಾನುವಾರ ಬೆಳಿಗ್ಗೆ 7ರಿಂದ ಅಳೆಯತೊಡಗಿದೆವು. ನೀರಿನ ಆಮ್ಲೀಯತೆಯನ್ನು ತೋರಿಸುವ, ಪ್ರಮಾಣಿತ ದ್ರಾವಣಗಳಲ್ಲಿ ಸರಿಹೊಂದಿಸಿದ ಪಿಎಚ್ ಪೆನ್ ನನ್ನಲ್ಲಿತ್ತು. ಕರಗಿದ ಆಮ್ಲಜನಕ ಅಳೆಯುವ ಮೀಟರನ್ನು ಪರಿಚಿತರೊಬ್ಬರಿಂದ ಎರಡು ದಿನಕ್ಕೆ ಎರವಲು ತಂದಿದ್ದೆ. ಹಿಂದಿನ ರಾತ್ರಿಯೇ ತೊಟ್ಟಿಯ ನೀರನ್ನು ಒಂದು ಅಗಲ ಬಾಯಿಯ ಲೋಟದಲ್ಲಿ ತೆರೆದಿಡಲು ಹೇಳಿದ್ದೆ. ಒಂದು ದಿನದಲ್ಲಿ ಅದರೊಳಗಿನ ಹೆಚ್ಚುವರಿ ಅನಿಲ ಹೋಗಿ ಕೋಣೆಯ ಗಾಳಿಯೊಂದಿಗೆ ಸಮವಾಗುತ್ತದೆ. ಆ ನೀರಿನ ಪಿಎಚ್ 8.0 ಇತ್ತು. ಕಾರ್ಬೊನೇಟ್ ಗಡಸುತನ, ಅಂದರೆ ಕೆಎಚ್, 4 ಡಿಗ್ರಿ. ಈ ಎರಡರಿಂದ ಇಂಗಾಲದ ಡೈಆಕ್ಸೈಡಿನ ಲೆಕ್ಕ ಸಿಗುತ್ತದೆ: ಕೆಎಚ್ ಅನ್ನು 3ರಿಂದ ಗುಣಿಸಿ, 7ರಿಂದ ಪಿಎಚ್ ಕಳೆದು ಬಂದ ಸಂಖ್ಯೆಯನ್ನು 10ರ ಘಾತವಾಗಿಸಿ ಮತ್ತೆ ಗುಣಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ತಿಳಿಯುತ್ತದೆ. ಕೆಎಚ್ ಬದಲಾಗದಿದ್ದರೆ, ಪಿಎಚ್ ಒಂದು ಅಂಶ ಇಳಿಯಿತೆಂದರೆ ಅನಿಲ ಹತ್ತು ಪಟ್ಟು ಏರಿದೆ ಎಂದರ್ಥ.

ಬೆಳಿಗ್ಗೆ 7ಕ್ಕೆ ಪಿಎಚ್ 7.6, ಎಂದರೆ ಇಂಗಾಲದ ಡೈಆಕ್ಸೈಡ್ 3 ಮಿಲಿಗ್ರಾಂ, ಆಮ್ಲಜನಕ 6.8. ಇರುಳು ಕಳೆದ ಮೇಲೂ ಆಮ್ಲಜನಕ ಪೂರ್ಣಮಟ್ಟದ ಹತ್ತಿರವೇ ಇತ್ತು, ಮೀನಿಗೆ ಯಾವ ಕೊರತೆಯೂ ಇರಲಿಲ್ಲ. 11.30ಕ್ಕೆ ಗ್ಯಾಸ್ ಶುರುವಾಗಬೇಕಿತ್ತು, ಆದರೆ 12ಕ್ಕೂ, ಹರಿಯುವ ಗ್ಯಾಸನ್ನು ಗುಳ್ಳೆಗಳಾಗಿ ಎಣಿಸಲು ಇಟ್ಟ ಬಬಲ್ ಕೌಂಟರಿನಲ್ಲಿ ಗುಳ್ಳೆ ಕಾಣಲಿಲ್ಲ. ವಾಲ್ವ್ ಕೆಟ್ಟಿರಬಹುದೆಂದು ಒಡತಿ ಎದ್ದರು. ಏನನ್ನೂ ಮುಟ್ಟದಿರೋಣ ಎಂದೆ. 1ಕ್ಕೆ ದೀಪ ಹತ್ತಿತು. 2.30ರ ಹೊತ್ತಿಗೆ ಪಿಎಚ್ 7.9, ಗಿಡಗಳು ಇದ್ದಬದ್ದ ಇಂಗಾಲವನ್ನು ಹೀರಿಕೊಂಡು, ನೀರಿನಲ್ಲಿ ಒಂದೂವರೆ ಮಿಲಿಗ್ರಾಂ ಮಾತ್ರ ಉಳಿದಿತ್ತು. ತುಂಬು ಬೆಳಕಿನಲ್ಲಿ ಗಿಡಗಳು ಉಪವಾಸವಿದ್ದವು.

ಸರಿಯಾಗಿ 2.45ಕ್ಕೆ ಕ್ಯಾಬಿನೆಟ್ಟಿನೊಳಗೆ ಸೊಲೆನಾಯ್ಡ್ ಟಕ್ ಎಂದು ತೆರೆದುಕೊಂಡಿತು. ಬಾಗಿ ಟೈಮರ್ ನೋಡಿದೆವು. ಗೋಡೆಯ ಗಡಿಯಾರದಲ್ಲಿ 2.45, ಟೈಮರಿನ ಮುಖದಲ್ಲಿ 11.30.

ಅದು ಚಕ್ರ ತಿರುಗುವ ಹಳೆಯ ಬಗೆಯ ಟೈಮರ್. ಅದರೊಳಗಿನ ಮೋಟಾರ್ ಮನೆಯ ವಿದ್ಯುತ್ತಿನಿಂದಲೇ ನಡೆಯುತ್ತದೆ. ಕರೆಂಟು ಹೋದಾಗ ಚಕ್ರ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಬೇಸಿಗೆಯ ವಿದ್ಯುತ್ ಕಡಿತ, ಸಂಜೆಯ ಗಾಳಿ ಮಳೆ, ಅಲ್ಲಿ ಇಪ್ಪತ್ತು ನಿಮಿಷ, ಇಲ್ಲಿ ಮುಕ್ಕಾಲು ಗಂಟೆ: ಹೀಗೆ ವಾರಗಟ್ಟಲೆ ಕೂಡಿಕೊಂಡು ಮೂರೂಕಾಲು ಗಂಟೆಯಾಗಿತ್ತು. ದೀಪ ಯುಪಿಎಸ್ ಮೇಲೆ ಇದ್ದುದರಿಂದ ಅದರ ವೇಳೆ ತಪ್ಪಿರಲಿಲ್ಲ. ದೀಪ ಒಂದು ಹೊತ್ತಿಗೆ, ಗ್ಯಾಸ್ ಇನ್ನೊಂದು ಹೊತ್ತಿಗೆ. ಮಧ್ಯಾಹ್ನ ಅನಿಲವಿಲ್ಲದ ಬೆಳಕು, ರಾತ್ರಿ ಬೆಳಕಿಲ್ಲದ ಅನಿಲ. ಗಿಡಗಳ ಸೊರಗುವಿಕೆ, ಪಾಚಿ, ಮೀನಿನ ಏದುಸಿರು, ಬೇರೆಬೇರೆ ಎಂದುಕೊಂಡಿದ್ದ ಮೂರಕ್ಕೂ ಬೇರು ಒಂದೇ ಆಗಿತ್ತು.

ಅಳತೆಯನ್ನು ಮುಂದುವರಿಸಿದೆವು, ಏಕೆಂದರೆ ರಾತ್ರಿಯ ಪ್ರಶ್ನೆ ಇನ್ನೂ ಉಳಿದಿತ್ತು. 6ಕ್ಕೆ ಪಿಎಚ್ 6.7, ಅಂದರೆ 24 ಮಿಲಿಗ್ರಾಂ. 9ಕ್ಕೆ, ದೀಪ ಆರುವಾಗ, 6.5, ಅಂದರೆ 38. ಆಗ ಆಮ್ಲಜನಕ 8.4, ಗಾಳಿಯೊಂದಿಗೆ ಸಮವಾದ ಮಟ್ಟಕ್ಕಿಂತಲೂ ಹೆಚ್ಚು. ದೀಪ ಆರಿದ ಮೇಲೆ ಗಿಡಗಳು ಅನಿಲ ಹೀರುವುದನ್ನು ನಿಲ್ಲಿಸಿದವು, ಸಿಲಿಂಡರ್ ಕೊಡುವುದನ್ನು ನಿಲ್ಲಿಸಲಿಲ್ಲ. 11ಕ್ಕೆ ಪಿಎಚ್ 6.3, ಅಂದರೆ 60 ಮಿಲಿಗ್ರಾಂ. ಟೆಟ್ರಾಗಳು ಮೇಲ್ಮೈಗೆ ಬಂದಿದ್ದವು. ಮೀಟರ್ ತೋರಿಸುತ್ತಿದ್ದ ಆಮ್ಲಜನಕ 7.8.

ಏರ್ ಪಂಪ್ ಶುರುವಾಯಿತು, 11.15ಕ್ಕೆ ಸೊಲೆನಾಯ್ಡ್ ಮುಚ್ಚಿತು. ಮಧ್ಯರಾತ್ರಿಯ ಹೊತ್ತಿಗೆ ಮೀನುಗಳು ಕೆಳಗಿಳಿದವು. 1 ಗಂಟೆಗೆ ಪಿಎಚ್ 6.8, ಇಂಗಾಲದ ಡೈಆಕ್ಸೈಡ್ 19, ಆಮ್ಲಜನಕ 7.2. ಒಡತಿ ಆ ಸಂಖ್ಯೆಗಳನ್ನು ಎರಡು ಬಾರಿ ಓದಿದರು. ಮೀನು ಚೇತರಿಸಿಕೊಂಡ ಆ ಎರಡು ಗಂಟೆಗಳಲ್ಲಿ ಆಮ್ಲಜನಕ ಏರಿರಲಿಲ್ಲ, ಇಳಿದಿತ್ತು. ಏರ್ ಸ್ಟೋನ್ ಕೊಟ್ಟದ್ದಲ್ಲ, ತೆಗೆದದ್ದು ಮೀನನ್ನು ಉಳಿಸಿತ್ತು.

ಇದರ ಹಿಂದಿನ ಕಾರಣವನ್ನು ವಿವರಿಸಬೇಕು. ಮೀನು ತನ್ನ ರಕ್ತದ ಇಂಗಾಲದ ಡೈಆಕ್ಸೈಡನ್ನು ಕಿವಿರಿನ ಮೂಲಕ ನೀರಿಗೆ ಬಿಡುತ್ತದೆ. ರಕ್ತದಲ್ಲಿ ಹೆಚ್ಚು, ನೀರಿನಲ್ಲಿ ಕಡಿಮೆ ಇದ್ದಾಗ ಮಾತ್ರ ಅದು ಸಲೀಸು. ನೀರೇ ತುಂಬಿಕೊಂಡಿದ್ದರೆ ಅನಿಲ ರಕ್ತದಲ್ಲೇ ಉಳಿದು ರಕ್ತ ಆಮ್ಲೀಯವಾಗುತ್ತದೆ, ಆಮ್ಲೀಯ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. ಸುತ್ತಲೂ ಬೇಕಾದಷ್ಟು ಆಮ್ಲಜನಕವಿದ್ದರೂ ಮೀನಿಗೆ ಅದು ದಕ್ಕುವುದಿಲ್ಲ. ಹೊರಗಿನಿಂದ ನೋಡುವವರಿಗೆ ಆಮ್ಲಜನಕದ ಕೊರತೆಯೂ ಇಂಗಾಲದ ಡೈಆಕ್ಸೈಡಿನ ಅತಿಯೂ ಒಂದೇ ರೀತಿ ಕಾಣುತ್ತವೆ: ಮೇಲ್ಮೈ, ತೆರೆದ ಬಾಯಿ, ಬಡಿದುಕೊಳ್ಳುವ ಕಿವಿರು.

‘ಸಮತೋಲನ’ ಎಂಬ ಮಾತೇ ಇಲ್ಲಿ ನಮ್ಮನ್ನು ತಪ್ಪುದಾರಿಗೆ ಎಳೆಯುತ್ತದೆ ಎಂದು ನನಗನ್ನಿಸುತ್ತದೆ. ಆಮ್ಲಜನಕವೂ ಇಂಗಾಲದ ಡೈಆಕ್ಸೈಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲ. ಒಂದು ಏರಿದರೆ ಇನ್ನೊಂದು ಇಳಿಯಬೇಕೆಂಬ ನಿಯಮವಿಲ್ಲ. ನೀರಿನಲ್ಲಿ ಎರಡೂ ಒಟ್ಟಿಗೆ ಹೆಚ್ಚಿರಬಹುದು, ಅಂದು ರಾತ್ರಿ 9ಕ್ಕೆ ಇದ್ದಂತೆ. ಎರಡೂ ಒಟ್ಟಿಗೆ ಕಡಿಮೆಯೂ ಇರಬಹುದು. ಒಂದೊಂದರ ಜಮಾಖರ್ಚು ಬೇರೆಬೇರೆ, ಎರಡಕ್ಕೂ ಸಾಮಾನ್ಯವಾದ ಬಾಗಿಲು ನೀರಿನ ಮೇಲ್ಮೈ ಮಾತ್ರ. ಆ ಬಾಗಿಲು ತೆರೆದಷ್ಟೂ ಎರಡೂ ತಂತಮ್ಮ ಗಾಳಿಯ ಮಟ್ಟದತ್ತ ಸಾಗುತ್ತವೆ: ಆಮ್ಲಜನಕ ಈ ಊರಿನಲ್ಲಿ 7ರ ಕಡೆಗೆ, ಇಂಗಾಲದ ಡೈಆಕ್ಸೈಡ್ 1ರ ಆಸುಪಾಸಿಗೆ.

ತಿದ್ದಿಕೊಂಡ ಬಗೆ

ಟೈಮರ್ ಬದಲಾಯಿಸಿದರೆ ಮುಗಿಯಿತು ಎಂದು ಒಡತಿಯವರಿಗೆ ಅನ್ನಿಸಿತ್ತು. ಒಳಗೆ ಬ್ಯಾಟರಿಯಿರುವ ಡಿಜಿಟಲ್ ಟೈಮರ್ ಅದೇ ವಾರ ಬಂತು, ದೀಪ ಮತ್ತು ಸೊಲೆನಾಯ್ಡ್ ಒಂದೇ ಯುಪಿಎಸ್ ಸಾಲಿಗೆ ಬಂದವು. ಆದರೆ ವೇಳೆ ಸರಿಹೋದ ಮಾತ್ರಕ್ಕೆ ಆರು ಗುಳ್ಳೆ ಸರಿಯಾಗುವುದಿಲ್ಲ. ಅದಲ್ಲದೆ ಮೇಲ್ಮೈಯಲ್ಲಿ ತೆಳ್ಳನೆಯ ಎಣ್ಣೆಯಂಥ ಪೊರೆಯೊಂದು ನಿಂತಿರುವುದನ್ನು ಅಂದು ಗಮನಿಸಿದ್ದೆ. ಗ್ಯಾಸ್ ಉಳಿಸುವ ಉದ್ದೇಶದಿಂದ ಫಿಲ್ಟರಿನ ಹೊರಬಾಯಿಯನ್ನು ನೀರಿನಾಳಕ್ಕೆ ಇಳಿಸಿದ್ದರಿಂದ ಮೇಲ್ಮೈ ಅಲುಗುತ್ತಲೇ ಇರಲಿಲ್ಲ.

ಇಲ್ಲಿ ನಮ್ಮ ಮುಂದೆ ಎರಡು ದಾರಿಗಳಿದ್ದವು. ಮೇಲ್ಮೈಯನ್ನು ಶಾಂತವಾಗಿಟ್ಟು ಕಡಿಮೆ ಗ್ಯಾಸಿನಲ್ಲಿ ನಡೆಸಿ, ರಾತ್ರಿ ಏರ್ ಪಂಪ್ ನಂಬುವುದು ಒಂದು. ಮೇಲ್ಮೈ ಯಾವಾಗಲೂ ಮಿಡುಕುವಂತೆ ಮಾಡಿ, ಹೋಗುವಷ್ಟು ಗ್ಯಾಸನ್ನು ಹೆಚ್ಚಿಗೆ ಕೊಟ್ಟು ನಡೆಸುವುದು ಇನ್ನೊಂದು. ಎರಡನೆಯದರಲ್ಲಿ ಸಿಲಿಂಡರ್ ಬೇಗ ಖಾಲಿಯಾಗುತ್ತದೆ. ಆದರೂ ನಾನು ಅದನ್ನೇ ಒತ್ತಾಯಿಸಿದೆ. ಅಲುಗುವ ಮೇಲ್ಮೈ ಇರುವ ತೊಟ್ಟಿಯಲ್ಲಿ ಅನಿಲ ಹೆಚ್ಚಾದಷ್ಟೂ ಹೊರಹೋಗುವ ವೇಗವೂ ಹೆಚ್ಚುವುದರಿಂದ ಅದು ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಗ್ಯಾಸ್ ನಿಂತ ಮೇಲೆ ಬೇಗ ಇಳಿಯುತ್ತದೆ, ಇರುಳಲ್ಲಿ ಆಮ್ಲಜನಕ ಒಳಬರಲು ಬೇರೆ ಯಂತ್ರ ಬೇಕಾಗುವುದಿಲ್ಲ. ಮನುಷ್ಯರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ತಪ್ಪಾದರೆ ಅದನ್ನು ತಡೆದುಕೊಳ್ಳುವ ಶಕ್ತಿ ಆ ವ್ಯವಸ್ಥೆಗಿದೆ. ಗ್ಯಾಸಿಗೆ ತೆತ್ತ ಹಣ ಮೀನಿನ ಜೀವಕ್ಕಿಂತ ದೊಡ್ಡದಲ್ಲ.

ಹೊರಬಾಯಿಯನ್ನು ಮೇಲೆತ್ತಿ, ಮೇಲ್ಮೈ ಒಡೆಯದೆ ಅಲೆಯಾಡುವಷ್ಟಕ್ಕೆ ನಿಲ್ಲಿಸಿದೆವು. ಎರಡು ದಿನ ಗ್ಯಾಸ್ ಇಲ್ಲ. ಆಮೇಲೆ ಸೆಕೆಂಡಿಗೆ ಒಂದು ಗುಳ್ಳೆಯಿಂದ ಆರಂಭಿಸಿ, ಯಾರಾದರೂ ಇಡೀ ದಿನ ಮನೆಯಲ್ಲಿರುವಾಗ ಮಾತ್ರ, ಒಮ್ಮೆಗೆ ಸ್ವಲ್ಪವೇ ಏರಿಸುವುದು. ಏರಿಸಿದ ಮೇಲೆ ಮೂರು ದಿನ ಮುಟ್ಟದಿರುವುದು. ಡ್ರಾಪ್ ಚೆಕರ್ ಬಣ್ಣ ಬದಲಿಸಲು ಒಂದೆರಡು ಗಂಟೆ ಹಿಡಿಯುವುದರಿಂದ ಅದು ತೋರಿಸುವುದು ಈಗಿನ ಸ್ಥಿತಿಯನ್ನಲ್ಲ, ಕಳೆದುಹೋದ ಹೊತ್ತಿನ ಸ್ಥಿತಿಯನ್ನು. ಆದ್ದರಿಂದ ದೀಪ ಹತ್ತುವಾಗ, ಗ್ಯಾಸ್ ನಿಲ್ಲುವಾಗ, ದಿನಕ್ಕೆ ಎರಡು ಬಾರಿ ಪಿಎಚ್ ಬರೆದಿಡಬೇಕೆಂದಾಯಿತು. ಒಡತಿ ತಾವಾಗಿಯೇ ಇನ್ನೊಂದನ್ನು ಸೇರಿಸಿದರು: ಬಾರ್ಬ್‌ಗಳು ಮರಳಿ ಬಂದ ಮೇಲೆ, ಬೆಳಿಗ್ಗೆ ನೆಮ್ಮದಿಯಾಗಿರುವಾಗ ಒಂದು ಮೀನಿನ ಕಿವಿರು ನಿಮಿಷಕ್ಕೆ ಎಷ್ಟು ಬಾರಿ ಬಡಿಯುತ್ತದೆ ಎಂದು ಎಣಿಸಿ, ಸಂಜೆಯ ಎಣಿಕೆಯೊಂದಿಗೆ ಹೋಲಿಸತೊಡಗಿದರು. ಯಾವ ಉಪಕರಣಕ್ಕಿಂತಲೂ ನಾನು ಈ ಎಣಿಕೆಯನ್ನು ಹೆಚ್ಚು ನಂಬುತ್ತೇನೆ.

ಮೂರನೆಯ ವಾರದ ಕೊನೆಗೆ ದೀಪ ಹತ್ತುವಾಗ ಪಿಎಚ್ 6.8, ಗ್ಯಾಸ್ ನಿಲ್ಲುವಾಗ 6.7. ಸಾಮಾನ್ಯವಾಗಿ ಹೇಳುವ 30 ಮಿಲಿಗ್ರಾಂಗೆ ಹೋಗದೆ 24ರಲ್ಲೇ ನಿಲ್ಲಿಸಿದೆವು. ಅಲ್ಲಿಂದ ಮುಂದೆ ಏರಿಸಿದ ಒಂದು ದಿನ ಬಾರ್ಬ್‌ಗಳ ಸಂಜೆಯ ಎಣಿಕೆ ಹೆಚ್ಚಿತ್ತು. ರೊಟಾಲದ ಕುಡಿಗಳು ಮತ್ತೆ ಅರಳಿದವು. ಕಪ್ಪು ಪಾಚಿ ಹಿಡಿದ ಅನುಬಿಯಾಸ್ ಎಲೆಗಳನ್ನು ಕತ್ತರಿಸಬೇಕಾಯಿತು. ಎರಡು ತಿಂಗಳ ಮೇಲೂ ಮರದ ಒಂದು ಮೂಲೆಯಲ್ಲಿ ಅದು ಸ್ವಲ್ಪ ಉಳಿದಿತ್ತು, ಹೊಸ ಎಲೆಗಳಿಗೆ ಹಬ್ಬಲಿಲ್ಲ. ಏರ್ ಪಂಪ್ ಈಗ ಬ್ಯಾಟರಿಯದು. ಯುಪಿಎಸ್ ಕೂಡ ಕೈಕೊಟ್ಟು ಫಿಲ್ಟರ್ ನಿಂತರೆ ಬಳಸಲೆಂದು ಪಕ್ಕದಲ್ಲಿದೆ.

ನಂತರ ಎದುರಾದ ಎರಡು ಸಂಗತಿಗಳು

ಜೂನ್ ಕೊನೆಯಲ್ಲಿ ಸಿಲಿಂಡರಿನ ಒತ್ತಡ ಇಳಿಯತೊಡಗಿತು. ಒಳಗೆ ದ್ರವ ಇರುವವರೆಗೆ ನಮ್ಮ ಕೋಣೆಯ ಶಾಖದಲ್ಲಿ ಮಾಪಕ 60 ಬಾರ್‌ನ ಆಸುಪಾಸಿನಲ್ಲೇ ನಿಂತಿರುತ್ತದೆ, ಎಷ್ಟು ಖರ್ಚಾಗಿದೆ ಎಂದು ತಿಳಿಯುವುದೇ ಇಲ್ಲ. ದ್ರವ ಮುಗಿದ ಮೇಲೆ ಮುಳ್ಳು ಒಂದೇ ಸಮನೆ ಕೆಳಗಿಳಿಯುತ್ತದೆ. ಒಂದೇ ಹಂತದ ರೆಗ್ಯುಲೇಟರಿನಲ್ಲಿ ಒಳಬರುವ ಒತ್ತಡ ಬಿದ್ದಾಗ ಹೊರಹೋಗುವ ಒತ್ತಡ ಏರುವುದುಂಟು, ಆಗ ಗುಳ್ಳೆಗಳ ವೇಗ ತಾನಾಗಿಯೇ ಹೆಚ್ಚುತ್ತದೆ. ಮುಳ್ಳು ಅಲುಗಿದ ದಿನವೇ ಸಿಲಿಂಡರ್ ತುಂಬಿಸಿ ಎಂದು ಮೊದಲೇ ಹೇಳಿದ್ದರಿಂದ, ಉಳಿದ ಗ್ಯಾಸಿನ ಆಸೆ ಬಿಟ್ಟು ಒಡತಿ ಹಾಗೆಯೇ ಮಾಡಿದರು.

ಎರಡನೆಯದು ನೀರಿನದು. ಒಂದು ವಾರ ಕಾವೇರಿ ನೀರು ಬಾರದೆ ಟ್ಯಾಂಕರ್ ನೀರನ್ನು ತೊಟ್ಟಿಗೆ ಹಾಕಬೇಕಾಯಿತು. ಕೊಳವೆಬಾವಿಯ ಆ ನೀರು ಗಡಸು. ತೊಟ್ಟಿಯ ಕೆಎಚ್ 4ರಿಂದ 7ಕ್ಕೇರಿತು. ಮರುದಿನ ಪಿಎಚ್ 6.7ಕ್ಕೆ ಇಳಿಯಲೇ ಇಲ್ಲ, 6.9ರಲ್ಲಿ ನಿಂತಿತು. ಹಳೆಯ ಅಭ್ಯಾಸದಂತೆ ಅವರು ಸೂಜಿ ವಾಲ್ವಿನತ್ತ ಕೈಚಾಚಿ, ತಿರುಗಿಸುವ ಮೊದಲು ನನಗೆ ಫೋನ್ ಮಾಡಿದರು. ಕೆಎಚ್ 7 ಇರುವಾಗ ಪಿಎಚ್ 6.7 ಎಂದರೆ 42 ಮಿಲಿಗ್ರಾಂ; ಆ ಸಂಖ್ಯೆಯನ್ನು ಬೆನ್ನಟ್ಟಿದ್ದರೆ ಏಪ್ರಿಲ್‌ನ ರಾತ್ರಿಗಳು ಮರುಕಳಿಸುತ್ತಿದ್ದವು. ಲೋಟದಲ್ಲಿ ಒಂದು ದಿನ ತೆರೆದಿಟ್ಟ ಹೊಸ ನೀರಿನ ಪಿಎಚ್ 8.2 ಬಂತು. ಹಳೆಯ ನೀರಿನಲ್ಲಿ 8.0ರಿಂದ 6.7ಕ್ಕೆ ಇಳಿದದ್ದು 1.3, ಹೊಸದರಲ್ಲಿ 8.2ರಿಂದ 1.3 ಇಳಿದರೆ 6.9. ಅನಿಲ ಎಂದಿನಷ್ಟೇ ಇತ್ತು. ವಾಲ್ವನ್ನು ಮುಟ್ಟದೆ, ನೋಟ್‌ಬುಕ್ಕಿನಲ್ಲಿ 6.7 ಎಂದಿದ್ದುದನ್ನು ಹೊಡೆದು 6.9 ಎಂದು ಬರೆದುಕೊಂಡರು. ಈಗ ಪ್ರತಿ ಬಾರಿ ನೀರು ಬದಲಿಸಿದ ದಿನ ಅವರ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಲೋಟ ತೊಟ್ಟಿಯ ನೀರು ಮರುದಿನದವರೆಗೆ ತೆರೆದಿರುತ್ತದೆ.